ಈರಿ ಕಾಲುವೆ: ಬಡ್ಡಿಗೆ ದಾರಿ ಮೊದಲು, ನೀರಿಗೆ ಆಮೇಲೆ

ಈರಿ ಸರೋವರದ ದಡದ ಬಫಲೋವನ್ನು ಹಡ್ಸನ್ ನದಿಯ ಆಲ್ಬನಿಗೆ ಬೆಸೆದ ದೋಣಿಮಾರ್ಗವಾದ ಈರಿ ಕಾಲುವೆಗೆ ಅಮೆರಿಕದ ಶಾಲಾ ಪಠ್ಯಗಳಲ್ಲಿ ಕಾಯಂ ಜಾಗವಿದೆ. ಬ್ರಿಟನ್ನಿನೊಂದಿಗಿನ 1812ರ ಯುದ್ಧ ಮುಗಿಯಿತು, ದೇಶಾಭಿಮಾನ ಉಕ್ಕಿತು, ಅದರ ಬೆನ್ನಿಗೆ ರಸ್ತೆ, ಕಾಲುವೆ, ಕಾರ್ಖಾನೆ ಎಲ್ಲ ಬಂದವು ಎಂಬುದು ಅಲ್ಲಿನ ಕಥೆ. ಆ ಕಾಲುವೆ ಹಾದುಹೋಗುವ ನ್ಯೂಯಾರ್ಕ್ ರಾಜ್ಯದಲ್ಲೇ ನೆಲೆಸಿರುವ ಕನ್ನಡಿಗನಾದ ನನಗೆ ಈ ಕಥೆ ಅರ್ಧ ಮಾತ್ರ ಅನಿಸುತ್ತದೆ. ಈರಿ ಕಾಲುವೆಗೆ ಕೇಂದ್ರ ಸರ್ಕಾರ ಬಿಡಿಗಾಸು ಕೊಡಲಿಲ್ಲ. ದೇಶಾಭಿಮಾನ ಭಾಷಣಕ್ಕೆ ಒದಗಿತು; ಸಾಲ ಕೊಡುವವರಿಗೆ ತೋರಿಸಲು ಒದಗಿದ್ದು ಉಪ್ಪಿನ ಸುಂಕ.

ಯುದ್ಧದಲ್ಲಿ ಪೆಟ್ಟು ಬಿದ್ದದ್ದೇನೋ ನಿಜ. 1814ರ ಆಗಸ್ಟ್‌ನಲ್ಲಿ ಬ್ರಿಟಿಷರು ವಾಷಿಂಗ್ಟನ್ನಿಗೆ ನುಗ್ಗಿ ಅಧ್ಯಕ್ಷರ ಮನೆಗೇ ಬೆಂಕಿಯಿಟ್ಟರು. ಮುಂದಿನ ತಿಂಗಳು ಬಾಲ್ಟಿಮೋರಿನ ಕೋಟೆಯ ಮೇಲೆ ಅವರು ಹಾರಿಸಿದ ಕಾಂಗ್ರೀವ್ ರಾಕೆಟ್‌ಗಳು ಹೈದರ್–ಟಿಪ್ಪು ಕಾಲದ ಮೈಸೂರು ರಾಕೆಟ್‌ಗಳನ್ನು ನೋಡಿ ಮಾಡಿದವು; ನಮ್ಮ ಕಡೆಯ ಸರಕು ಅಲ್ಲಿಗೆ ತಲುಪಿದ್ದು ಹೀಗೆ. ಯುದ್ಧ ಮುಗಿದ ಮೇಲೆ ಸಂಸದ ಹೆನ್ರಿ ಕ್ಲೇ ಮತ್ತವರ ಜೊತೆಗಾರರು ಮೂರು ಕಾಲಿನ ನೀತಿಯೊಂದನ್ನು ಮುಂದಿಟ್ಟರು: ದೇಶೀ ಕಾರ್ಖಾನೆ ಉಳಿಸಲು ಆಮದು ಸುಂಕ, ಹಣದ ಶಿಸ್ತಿಗೆ ರಾಷ್ಟ್ರೀಯ ಬ್ಯಾಂಕು, ಊರೂರು ಬೆಸೆಯಲು ರಸ್ತೆ-ಕಾಲುವೆ.

ಮೊದಲನೆಯ ಕಾಲು ಗಟ್ಟಿಯಾಗಿಯೇ ನಿಂತಿತು, ಅದಕ್ಕೆ ಬೆಲೆ ತೆತ್ತವರಲ್ಲಿ ಭಾರತದ ನೇಕಾರರೂ ಇದ್ದರು. 1816ರ ಕಾಯ್ದೆ ಹತ್ತಿಬಟ್ಟೆಗೆ ಹಾಕಿದ ಸುಂಕ ಶೇ. 25. ಆದರೆ ಬಟ್ಟೆಯ ಬೆಲೆ ಎಷ್ಟೇ ಕಡಿಮೆಯಿರಲಿ, ಚದರ ಗಜಕ್ಕೆ 25 ಸೆಂಟ್ ಎಂದೇ ಹಿಡಿಯಬೇಕು ಎಂಬ ಷರತ್ತು ಜೊತೆಗಿತ್ತು. ಲೆಕ್ಕ ಹಾಕಿ ನೋಡಿ: 10 ಸೆಂಟಿನ ಬಟ್ಟೆಗೂ ಸುಂಕ ಆರೂಕಾಲು ಸೆಂಟ್, ಅಂದರೆ ನಿಜದ ದರ ಶೇ. 62ರ ಮೇಲೆ. ಮ್ಯಾಸಚೂಸೆಟ್ಸ್‌ನಲ್ಲಿ ಗಿರಣಿ ತೆರೆದಿದ್ದ ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ವಾಷಿಂಗ್ಟನ್ನಿನಲ್ಲಿ ಕೂತು ಮಾಡಿಸಿದ ಕೆಲಸವಿದು. ದುಬಾರಿ ನಯಬಟ್ಟೆಗೆ ಇದರಿಂದ ಏನೂ ಆಗಲಿಲ್ಲ. ಕಲ್ಕತ್ತದಿಂದ ಹಡಗಿನಲ್ಲಿ ಬರುತ್ತಿದ್ದ ಅಗ್ಗದ ಒರಟು ಬಟ್ಟೆಗೆ ಮಾತ್ರ ಬಾಗಿಲು ಮುಚ್ಚಿತು. ಶೇಕಡಾವಾರು ದರ ಓದಿ ಸುಂಕ ಕಡಿಮೆ ಎನ್ನುವವರು ಷರತ್ತುಗಳನ್ನೂ ಓದಬೇಕು. ಆಗಲೂ ಅಷ್ಟೇ, ಈಗಲೂ ಅಷ್ಟೇ.

ಮೂರನೆಯ ಕಾಲು ಮುರಿಯಿತು. ರಾಷ್ಟ್ರೀಯ ಬ್ಯಾಂಕು ಸರ್ಕಾರಕ್ಕೆ ಕೊಡುವ 15 ಲಕ್ಷ ಡಾಲರನ್ನೂ ಮುಂದೆ ಬರುವ ಲಾಭಾಂಶವನ್ನೂ ರಸ್ತೆ-ಕಾಲುವೆಗೆ ಮೀಸಲಿಡುವ ಮಸೂದೆಯನ್ನು ಸಂಸದ ಕಾಲ್ಹೌನ್ ತಂದರು. ಅಧಿಕಾರ ಬಿಡುವ ಹಿಂದಿನ ದಿನ, 1817ರ ಮಾರ್ಚ್ 3ರಂದು, ಅಧ್ಯಕ್ಷ ಮ್ಯಾಡಿಸನ್ ಅದನ್ನು ತಿರಸ್ಕರಿಸಿದರು. ಕಾಲುವೆ ಬೇಡ ಎಂದಲ್ಲ. ಸಂವಿಧಾನ ಕೇಂದ್ರಕ್ಕೆ ಆ ಅಧಿಕಾರ ಕೊಟ್ಟಿಲ್ಲ, ಬೇಕಿದ್ದರೆ ಮೊದಲು ತಿದ್ದುಪಡಿ ಮಾಡಿ ಎಂದು.

ಕೇಂದ್ರವೇ ಕೈಯಾರೆ ಕಟ್ಟಿದ ಒಂದು ದೊಡ್ಡ ಕೆಲಸವೂ ಇದೆ, ಅದರ ಗತಿಯನ್ನೂ ನೋಡಬೇಕು. ಮೇರಿಲ್ಯಾಂಡಿನ ಕಂಬರ್ಲೆಂಡಿನಿಂದ ಒಹಾಯೊ ನದಿದಂಡೆಯ ವೀಲಿಂಗ್‌ವರೆಗಿನ ರಾಷ್ಟ್ರೀಯ ರಸ್ತೆ 1811ರಲ್ಲಿ ಶುರುವಾಗಿ 1818ರಲ್ಲಿ ಮುಟ್ಟಿತು. 66 ಅಡಿ ಅಗಲ ಕಾಡು ಕಡಿದು, ನಡುವೆ 20 ಅಡಿ ಅಗಲಕ್ಕೆ ಜಲ್ಲಿ. ಕೆಳಪದರದ ಕಲ್ಲು 7 ಅಂಗುಲದ ಬಳೆಯಲ್ಲಿ, ಮೇಲ್ಪದರದ್ದು 3 ಅಂಗುಲದ ಬಳೆಯಲ್ಲಿ ತೂರಬೇಕು ಎಂಬ ನಿಯಮ. ಕೆಲಸ ಒಳ್ಳೆಯದೇ, ಆದರೆ ಭಾರದ ಗಾಡಿಗಳ ಕಬ್ಬಿಣದ ಪಟ್ಟಿ ಕೆಲವೇ ವರ್ಷಗಳಲ್ಲಿ ಅದನ್ನು ಉತ್ತುಹಾಕಿತು. ದುರಸ್ತಿಗೆ ಟೋಲ್ ವಸೂಲಿ ಮಾಡೋಣವೆಂದರೆ 1822ರಲ್ಲಿ ಅಧ್ಯಕ್ಷ ಮನ್ರೋ ಅದಕ್ಕೂ ತಡೆ ಹಾಕಿದರು: ರಸ್ತೆಗೆ ಹಣ ಕೊಡಬಹುದು, ಆದರೆ ಟೋಲ್ ಗೇಟು ಹಾಕಿ ಅಧಿಕಾರ ನಡೆಸುವಂತಿಲ್ಲ. ಕೊನೆಗೆ 1830ರ ದಶಕದಲ್ಲಿ ರಸ್ತೆಯನ್ನು ರಿಪೇರಿ ಮಾಡಿ ಆಯಾ ರಾಜ್ಯಗಳಿಗೆ ಒಪ್ಪಿಸಬೇಕಾಯಿತು. ಗೇಟು ಹಾಕಿದ್ದು ರಾಜ್ಯಗಳು.

ನ್ಯೂಯಾರ್ಕ್ ಈ ಜಂಜಾಟಕ್ಕೇ ಹೋಗಲಿಲ್ಲ. ಮ್ಯಾಡಿಸನ್ ತಿರಸ್ಕಾರ ಹೊರಬಿದ್ದ ಆರೇ ವಾರಗಳಲ್ಲಿ ರಾಜ್ಯದ ಶಾಸನಸಭೆ ತನ್ನದೇ ಕಾಯ್ದೆ ಮಾಡಿತು. ಅದರ ಜಾಣ್ಮೆ ಕಾಲುವೆಯ ನಕ್ಷೆಗಿಂತ ಹೆಚ್ಚಾಗಿ ಕಾಲುವೆ ನಿಧಿಯಲ್ಲಿತ್ತು. ರಾಜ್ಯ ಸಾಲಪತ್ರ ಮಾರುವ ಮೊದಲೇ ಬಡ್ಡಿಗೆಂದು ಕೆಲವು ಆದಾಯಗಳನ್ನು ಬೇರೆ ಎತ್ತಿಟ್ಟಿತು: ಒನೊಂಡಾಗದಲ್ಲಿ ತಯಾರಾಗುವ ಉಪ್ಪಿಗೆ ಬುಷೆಲ್‌ಗೆ ಹನ್ನೆರಡೂವರೆ ಸೆಂಟ್, ಹರಾಜುಕಟ್ಟೆಗಳ ಮೇಲಿನ ಸುಂಕ, ಉಗಿಹಡಗಿನ ಪ್ರಯಾಣಿಕರ ತೆರಿಗೆ. ಕಾಲುವೆ ಒಂದು ಮೈಲಿಯೂ ಆಗದಿದ್ದರೂ ಸಾಲ ಕೊಟ್ಟವನ ಬಡ್ಡಿಗೆ ಮೋಸವಿಲ್ಲ. ಹಾಗಾಗಿಯೇ ನ್ಯೂಯಾರ್ಕ್ ನಗರದ ಉಳಿತಾಯ ಬ್ಯಾಂಕು ಸಣ್ಣ ಠೇವಣಿದಾರರ ಹಣವನ್ನೂ ಇದರಲ್ಲಿ ಹೂಡಿತು. ಇಂಗ್ಲೆಂಡಿನ ದೊಡ್ಡ ಕುಳಗಳು ಬಂದದ್ದು ಆಮೇಲೆ. 1819ರ ಆರ್ಥಿಕ ಕುಸಿತ ಬೇರೆಯವರನ್ನು ಮುಳುಗಿಸಿದರೆ ಇವರಿಗೆ ಅನುಕೂಲವೇ ಆಯಿತು. ಕೂಲಿ ಇಳಿಯಿತು, ಸುರಕ್ಷಿತ ಜಾಗ ಹುಡುಕುತ್ತಿದ್ದ ಹಣ ಕಾಲುವೆ ಸಾಲಪತ್ರಕ್ಕೆ ಹರಿಯಿತು.

ಎರಡನೆಯ ಜಾಣ್ಮೆ ಎಲ್ಲಿಂದ ಅಗೆಯಬೇಕು ಎಂಬುದರಲ್ಲಿತ್ತು. 363 ಮೈಲಿ ಉದ್ದ, ಮೇಲೆ 40 ಅಡಿ ಅಗಲ, ತಳದಲ್ಲಿ 28, ಆಳ 4 ಅಡಿ, ದೋಣಿಯನ್ನು ಏರಿಸಿ ಇಳಿಸುವ 83 ಲಾಕ್‌ಗಳು. ಈ ಲೆಕ್ಕ ಕೇಳಿದ ಯಾರೇ ಆದರೂ ರಾಜಧಾನಿ ಆಲ್ಬನಿಯಿಂದ ಶುರುಮಾಡುತ್ತಿದ್ದರು. ಇವರು 1817ರ ಜುಲೈ 4ರಂದು ಮೊದಲ ಗುದ್ದಲಿ ಹಾಕಿದ್ದು ನಟ್ಟನಡುವಿನ ರೋಮ್ ಎಂಬ ಊರಲ್ಲಿ, ಏಕೆಂದರೆ ಆ ಭಾಗದಲ್ಲಿ ನೆಲ ಸಮತಟ್ಟು, ಲಾಕ್ ಕಡಿಮೆ. 1819ರ ಅಕ್ಟೋಬರಿನಲ್ಲಿ ರೋಮ್–ಯುಟಿಕ ನಡುವೆ ದೋಣಿ ಓಡಿತು, ಮರುವರ್ಷದಿಂದ ಟೋಲ್ ಬರತೊಡಗಿತು. ತುದಿಗಳು ಮುಟ್ಟದಿದ್ದರೂ ನಡುವಿನ ತುಂಡು ತಾನೇ ದುಡಿಯುತ್ತಿತ್ತು. ಲಾಕ್‌ಪೋರ್ಟಿನ ಬಂಡೆಯನ್ನು ಸೀಳಿ ಐದು ಜೋಡಿ ಲಾಕ್ ಕಟ್ಟುವ ಕಷ್ಟದ ಕೆಲಸವನ್ನು ಕೊನೆಗಿಟ್ಟರು. ಅಷ್ಟರಲ್ಲಿ ಎಂಜಿನಿಯರುಗಳಿಗೂ ಕೈ ಪಳಗಿತ್ತು. ಮುಖ್ಯರಾದ ಬೆಂಜಮಿನ್ ರೈಟ್, ಜೇಮ್ಸ್ ಗೆಡ್ಡಿಸ್ ಇಬ್ಬರೂ ಮೂಲತಃ ಭೂಮಾಪಕರು, ಕಾಲುವೆ ಕಟ್ಟಿದವರಲ್ಲ.

ನಮ್ಮಲ್ಲಿ ತುಂಡು ಗುತ್ತಿಗೆ ಎಂದರೆ ಟೆಂಡರ್ ತಪ್ಪಿಸುವ ಉಪಾಯ ಎಂಬ ಅನುಮಾನ. ಅಲ್ಲಿ ಇಡೀ ಕಾಲುವೆ ತುಂಡು ಗುತ್ತಿಗೆಯಲ್ಲೇ ಆಯಿತು. ದಾರಿಯಲ್ಲಿನ ರೈತರೇ ಕಾಲು ಮೈಲಿ, ಅರ್ಧ ಮೈಲಿ ಹಿಡಿದರು. ಉಪಕರಣಕ್ಕೆ ಮುಂಗಡ ಸಿಗುತ್ತಿತ್ತು. ವ್ಯತ್ಯಾಸ ಪಾವತಿಯಲ್ಲಿತ್ತು. ಅಗೆದ ಮಣ್ಣಿಗೆ ಘನ ಗಜದ ಲೆಕ್ಕ, ಬಂಡೆಗೆ ಬೇರೆ ದರ, ಏರಿಗೆ ಬೇರೆ ದರ, ಎಂಜಿನಿಯರ್ ಅಳೆದ ಮೇಲೆ ಹಣ. ರೈತರಾದದ್ದರಿಂದ ಗುದ್ದಲಿ-ಕೈಗಾಡಿ ಬಿಟ್ಟು ನೇಗಿಲು ಹೂಡಿ, ಎತ್ತು ಎಳೆಯುವ ಮಣ್ಣುಬಾಚುವ ಹಲಗೆ ಬಳಸಿದರು; ಎತ್ತಿನ ಓಡಾಟದಿಂದಲೇ ಏರಿಯ ಮಣ್ಣು ದಮ್ಮಸಾಯಿತು. ಮರದ ಬೊಡ್ಡೆ ಕೀಳಲು ಒಂದು ಯಂತ್ರ ಹುಟ್ಟಿತು: 16 ಅಡಿ ಎತ್ತರದ ಎರಡು ಗಾಲಿ, ನಡುವೆ 30 ಅಡಿ ಉದ್ದದ ದಪ್ಪ ಅಚ್ಚು, ಅಚ್ಚಿನ ಮಧ್ಯೆ 14 ಅಡಿಯ ಇನ್ನೊಂದು ಗಾಲಿ. ಹೊರಗಿನೆರಡಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ, ಬೊಡ್ಡೆಗೆ ಬಿಗಿದ ಸರಪಳಿಯನ್ನು ಅಚ್ಚಿಗೆ ಸುತ್ತಿ, ನಡುಗಾಲಿಗೆ ಸುತ್ತಿದ ಹಗ್ಗವನ್ನು ಪಶುಗಳು ಎಳೆದರೆ ಬೊಡ್ಡೆ ಬೇರು ಸಮೇತ ಮೇಲೇಳುತ್ತಿತ್ತು. ಏಳು ಆಳು, ನಾಲ್ಕು ಕುದುರೆ, ದಿನಕ್ಕೆ 30–40 ಬೊಡ್ಡೆ.

ನಮ್ಮ ನೀರಾವರಿ ಕಾಲುವೆ ನೋಡಿ ಬೆಳೆದವರಿಗೆ ಈ ಕಾಲುವೆ ಮೊದಲು ವಿಚಿತ್ರ ಅನಿಸುತ್ತದೆ. ನಮ್ಮದರಲ್ಲಿ ನೀರು ಹರಿಯಬೇಕು, ಹೊಲಕ್ಕೆ ಬೀಳಬೇಕು. ಇದರಲ್ಲಿ ನೀರು ಹೆಚ್ಚುಕಡಿಮೆ ನಿಂತೇ ಇರಬೇಕು. ಹರಿದರೆ ದೋಣಿ ಎಳೆಯುವ ಕುದುರೆಗೆ ಕಷ್ಟ. ಎತ್ತರ ಬದಲಾದಲ್ಲೆಲ್ಲ ಲಾಕ್, ಅಂದರೆ ಎರಡು ತುದಿಗೆ ಗೇಟಿರುವ 90 ಅಡಿ ಉದ್ದ, 15 ಅಡಿ ಅಗಲದ ಕಲ್ಲಿನ ತೊಟ್ಟಿ. ಎಂಟಡಿಯಷ್ಟು ಏರಿಳಿತವಿರುವ ಲಾಕ್ ಒಮ್ಮೆ ತುಂಬಿ ಖಾಲಿಯಾದರೆ ಸುಮಾರು 3 ಲಕ್ಷ ಲೀಟರ್ ನೀರು ಕೆಳಗಿಳಿಯುತ್ತದೆ. ಆದ್ದರಿಂದ ಎತ್ತರದ ಭಾಗಗಳಿಗೆ ಹೊಳೆಗಳಿಂದ ಪೂರಕ ಕಾಲುವೆ ತೋಡದೆ ವಿಧಿಯಿಲ್ಲ. ಏರಿಯಲ್ಲಿ ಇಲಿಜಾತಿಯ ಮಸ್ಕ್‌ರ‍್ಯಾಟ್ ಬಿಲ ತೋಡಿದರೂ ಸಾಕು, ಒಡೆಯುವ ಭಯ. ವೇಗದ ದೋಣಿಯ ಅಲೆಗೆ ದಡ ಕೊರೆಯುತ್ತದೆಂದು ಗಂಟೆಗೆ 4 ಮೈಲಿಯ ಮಿತಿ ಹಾಕಿದ್ದರು. ಚಳಿಗಾಲದಲ್ಲಿ ಹೆಪ್ಪುಗಟ್ಟುವುದರಿಂದ ನೀರಿಳಿಸಿ ದುರಸ್ತಿ.

ಲಾಕ್‌ಗಳ ಗೋಡೆಗೆ ಸಾಮಾನ್ಯ ಸುಣ್ಣದ ಗಾರೆ ನಡೆಯಲಿಲ್ಲ. ಒಣಗಲು ಗಾಳಿ ಬೇಕಾದ ಗಾರೆ ನೀರಿನೊಳಗೆ ಸೋರಿಹೋಗುತ್ತದೆ. ಯುರೋಪಿನ ಸಿಮೆಂಟ್ ತರಿಸಲು ದುಡ್ಡಿಲ್ಲ. ಇಂಗ್ಲೆಂಡಿನ ಕಾಲುವೆಗಳನ್ನು ನಡೆದು ನೋಡಿಬಂದಿದ್ದ ಕ್ಯಾನ್ವಸ್ ವೈಟ್ ಎಂಬ ಯುವಕ ಚಿಟ್ಟೆನಾಂಗೋ ಬಳಿಯ ಸುಣ್ಣಕಲ್ಲನ್ನು ಪರೀಕ್ಷೆಗೆ ತೆಗೆದುಕೊಂಡ. ಸುಟ್ಟ ಮೇಲೆ ಆ ಕಲ್ಲು ನೀರಿಗೆ ಅರಳಲಿಲ್ಲ. ಕೆಟ್ಟ ಸುಣ್ಣ ಎಂದು ಬಿಸಾಡುವ ಸರಕು. ಅದನ್ನೇ ಬೀಸಿ ಪುಡಿಮಾಡಿ ಮರಳು ಬೆರೆಸಿ ನೀರಲ್ಲಿಟ್ಟಾಗ ಕಲ್ಲಾಗಿ ಗಟ್ಟಿಯಾಯಿತು. ಸುಣ್ಣಕಲ್ಲಿನಲ್ಲಿ ಬೆರೆತ ಜೇಡಿಯ ಗುಣ ಅದು. ನೂರು ವರ್ಷದ ಬಳಿಕ ಕೃಷ್ಣರಾಜಸಾಗರದಲ್ಲಿ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿ ಸುರ್ಕಿ ಗಾರೆ ಮಾಡಿದ್ದರ ಹಿಂದೆಯೂ ಇದೇ ರಸಾಯನ. ಅವರ ನೆಲದಲ್ಲಿ ಜೇಡಿ ಕಲ್ಲಿನೊಳಗೇ ಸಿಕ್ಕಿತು, ನಾವು ಬೇರೆ ಸುಟ್ಟು ಸೇರಿಸಿದೆವು.

ಇದನ್ನೆಲ್ಲ ಹೊಗಳುವಾಗ ಎರಡು ಸಂಗತಿ ಮುಚ್ಚಿಡಬಾರದು. ಮಾಂಟೆಝುಮ ಜೌಗಿನಲ್ಲಿ 1819ರಲ್ಲಿ ಸಾವಿರದಷ್ಟು ಕೆಲಸಗಾರರು ಜ್ವರಕ್ಕೆ ಬಿದ್ದರು. ಮತ್ತೆ ಕಾಲುವೆ ಹಾದ ನೆಲ ಖಾಲಿ ಬಿದ್ದಿರಲಿಲ್ಲ. ಒನೊಂಡಾಗ, ಒನೈಡಾ ಮೊದಲಾದ ಹೋಡೆನೊಶೋನಿ ಮೂಲನಿವಾಸಿ ಜನರಿಂದ ರಾಜ್ಯ ಅಗ್ಗಕ್ಕೆ ಕಿತ್ತುಕೊಂಡದ್ದು ಅದು.

1825ರ ಅಕ್ಟೋಬರ್ 26ರಂದು ಇಡೀ ಕಾಲುವೆ ತೆರೆಯಿತು. ಖರ್ಚು ಸುಮಾರು 70 ಲಕ್ಷ ಡಾಲರ್. ಬಫಲೋದಿಂದ ನ್ಯೂಯಾರ್ಕಿಗೆ ಟನ್ನಿಗೆ 100 ಡಾಲರ್ ಇದ್ದ ಸಾಗಣೆ 10ರ ಆಸುಪಾಸಿಗೆ ಇಳಿಯಿತು. ಟೋಲ್ ಮೊದಲ ವರ್ಷದಲ್ಲೇ ಬಡ್ಡಿಯನ್ನು ಮೀರಿತು. 1837ರ ಹೊತ್ತಿಗೆ ಮೂಲ ಸಾಲ ತೀರಿಸುವಷ್ಟು ಹಣ ಕೈಯಲ್ಲಿತ್ತು.

ನೋಡಿದವರೆಲ್ಲ ನಕಲು ಮಾಡಿದರು, ಕಾಲುವೆಯನ್ನು ಮಾತ್ರ, ನಿಧಿಯನ್ನಲ್ಲ. ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾ–ಪಿಟ್ಸ್‌ಬರ್ಗ್ ಮಾರ್ಗಕ್ಕೆ ಅಡ್ಡ ಅಲಿಗೆನಿ ಬೆಟ್ಟವಿತ್ತು. ದೋಣಿಯ ಸರಕನ್ನು 36 ಮೈಲಿ ರೈಲಿಗೆ ಹೇರಿ, ಹತ್ತು ಇಳಿಜಾರುಗಳಲ್ಲಿ ಉಗಿಯಂತ್ರದ ಹಗ್ಗದಿಂದ ಎಳೆದು ದಾಟಿಸಬೇಕಿತ್ತು. ಎಂಜಿನಿಯರಿಂಗ್ ಸಾಹಸ ಸರಿ, ಪ್ರತಿ ಹೇರಿಕೆ-ಇಳಿಕೆಗೂ ಸಮಯ ಮತ್ತು ದುಡ್ಡು ಸುರಿಯಿತು. ಅದಕ್ಕಿಂತ ಕೆಟ್ಟದ್ದು, ಮುಖ್ಯ ಮಾರ್ಗಕ್ಕೆ ಮತ ಬೇಕೆಂದು ಜಿಲ್ಲೆಗೊಂದು ಕವಲು ಕಾಲುವೆ ಹಂಚಿದ್ದು. ಬಡ್ಡಿಗೆ ತೆರಿಗೆ ಹಾಕುವ ಧೈರ್ಯವಿಲ್ಲದೆ ಹೊಸ ಸಾಲದಿಂದ ಹಳೆಯ ಬಡ್ಡಿ ಕಟ್ಟಿದರು. 1842ರಲ್ಲಿ ರಾಜ್ಯ ಬಡ್ಡಿ ತಪ್ಪಿಸಿತು; 1857ರಲ್ಲಿ ಇಡೀ ಮಾರ್ಗವನ್ನು 75 ಲಕ್ಷಕ್ಕೆ ರೈಲ್ವೆ ಕಂಪನಿಗೆ ಮಾರಿತು. 1836ರಲ್ಲಿ ಇಂಡಿಯಾನಾ ಒಂದೇ ಕಾಯ್ದೆಯಲ್ಲಿ ಒಂದು ಕೋಟಿ ಡಾಲರಿನ ಕಾಲುವೆ, ರಸ್ತೆ, ರೈಲುಗಳನ್ನು ಒಟ್ಟಿಗೆ ಶುರುಮಾಡಿ, 1841ರಲ್ಲಿ ಕೈಚೆಲ್ಲಿತು.

ಇಲ್ಲಿ ನನ್ನ ಕಣ್ಣು ನಮ್ಮ ಕಡೆ ಹೊರಳುತ್ತದೆ. ಕರ್ನಾಟಕ ಹಲವು ಹೊಸ ರೈಲು ಮಾರ್ಗಗಳಿಗೆ ಅರ್ಧ ಖರ್ಚನ್ನೂ ಉಚಿತ ಜಮೀನನ್ನೂ ಕೊಡುತ್ತದೆ, ಟಿಕೆಟ್ಟಿನ ಹಣ ಮಾತ್ರ ರೈಲ್ವೆಯದು. 2011-12ರಲ್ಲಿ ಮಂಜೂರಾದ ತುಮಕೂರು–ದಾವಣಗೆರೆ ಮಾರ್ಗ ಅಂಥದ್ದು. ಬೇಗ ಮುಗಿಸಿದರೆ ರಾಜ್ಯದ ಬೊಕ್ಕಸಕ್ಕೆ ನೇರ ಲಾಭವಿಲ್ಲ, ತಡವಾದರೆ ಜಮೀನಿನ ಬೆಲೆ ಮಾತ್ರ ಏರುತ್ತದೆ. ಕೃಷ್ಣಾ ನೀರಿನ ಪಾಲನ್ನು 2000ದೊಳಗೆ ಬಳಸಿಕೊಳ್ಳುವ ಅವಸರದಲ್ಲಿ 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿತು, ಸರ್ಕಾರದ ಖಾತರಿಯಲ್ಲಿ ಬಾಂಡ್ ಎತ್ತಿತು. ಅದು ತಪ್ಪಲ್ಲ, ಈರಿಯಲ್ಲಿ ಹಿಟ್ಟು ಸಾಗಿಸಿದ ದೋಣಿಗೆ ಹಾಕಿದಂತೆ ರೈತನ ನೀರಿಗೆ ಟೋಲ್ ಹಾಕಲಾಗದು. ಆದರೆ ನೀರಿನ ಕರದಿಂದ ಬಡ್ಡಿ ಹುಟ್ಟುವುದಿಲ್ಲವೆಂದಾದರೆ ಅದು ಯಾವ ತೆರಿಗೆಯಿಂದ ಬರುತ್ತದೆ ಎಂದು ಅಂದೇ ಹೆಸರಿಡಬೇಕಿತ್ತು. ನ್ಯೂಯಾರ್ಕ್ ಉಪ್ಪಿನ ಹೆಸರಿಟ್ಟಿತ್ತು. ಒಂದು ಅನುಕೂಲ ಅವರಿಗಿತ್ತು, ನಮಗಿಲ್ಲ: ಕೇಂದ್ರದ ಬಾಕಿಯಿರುವ ರಾಜ್ಯ ಸಂವಿಧಾನದ 293ನೇ ವಿಧಿಯಂತೆ ಕೇಂದ್ರದ ಒಪ್ಪಿಗೆಯಿಲ್ಲದೆ ಸಾಲ ಎತ್ತುವಂತಿಲ್ಲ.

ಆ ದಿವಾಳಿಗಳ ನಂತರ ಅಮೆರಿಕದ ರಾಜ್ಯಗಳು ಸಂವಿಧಾನವನ್ನೇ ತಿದ್ದಿದವು. ನ್ಯೂಯಾರ್ಕಿನ 1846ರ ಸಂವಿಧಾನದ ಪ್ರಕಾರ ದೊಡ್ಡ ಸಾಲ ಒಂದೇ ಒಂದು ನಿಗದಿತ ಕೆಲಸಕ್ಕಿರಬೇಕು, ಅದೇ ಕಾಯ್ದೆಯಲ್ಲಿ ಬಡ್ಡಿ-ಅಸಲು ತೀರಿಸುವ ವಾರ್ಷಿಕ ತೆರಿಗೆ ಹಾಕಿರಬೇಕು, ಜನರ ಮತಕ್ಕೂ ಇಡಬೇಕು. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದಲ್ಲೇ ಮೊದಲು ಮಾಡಿದ ರಾಜ್ಯ ನಮ್ಮದು, 2002ರಲ್ಲಿ. ಅದು ಒಟ್ಟು ಕೊರತೆಗೆ, ಒಟ್ಟು ಸಾಲಕ್ಕೆ ಶೇಕಡಾವಾರು ಗೆರೆ ಎಳೆಯುತ್ತದೆ. ಯಾವ ಕೆಲಸದ ಸಾಲವನ್ನು ಯಾವ ಆದಾಯ ತೀರಿಸುತ್ತದೆ ಎಂದು ಕೇಳುವುದಿಲ್ಲ. ಈ ಎರಡನೆಯ ಪ್ರಶ್ನೆಯನ್ನು ನೂರು ಕೋಟಿ ದಾಟುವ ಪ್ರತಿ ಯೋಜನೆಯ ಮಂಜೂರಾತಿ ಆದೇಶದಲ್ಲೇ ಬರೆಯಿಸಲು ಹೊಸ ಕಾಯ್ದೆಯೂ ಬೇಕಿಲ್ಲ. ಹಣಕಾಸು ಇಲಾಖೆಯ ಒಂದು ಸುತ್ತೋಲೆ ಸಾಕು.