ಎದುರಿನವರು ಹೇಗೆ ಆಡಿದ್ರು?

ಅಜ್ಜ ಹೋಗಿ ಮೊನ್ನೆಗೆ ಒಂದು ವರ್ಷ ಆಯ್ತು. ವರ್ಷದ ತಿಥಿಗೆ ಭದ್ರಾವತಿಗೆ ಹೋಗಿದ್ದೆ. ಊಟ ಆದಮೇಲೆ ಹಜಾರದಲ್ಲಿ ಚಾಪೆ ಹಾಸಿಕೊಂಡು ಕೂತಾಗ ಬಂದವರೆಲ್ಲ ಎರಡೇ ವಿಷಯ ಮಾತಾಡಿದರು. ಒಂದು ಅಜ್ಜನ ತಕ್ಕಡಿ, ಇನ್ನೊಂದು ಅಜ್ಜನ ರೇಡಿಯೋ. ನನಗೆ ಅವೆರಡೂ ಬೇರೆ ಬೇರೆ ಅಂತ ಯಾವತ್ತೂ ಅನ್ನಿಸಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಅಜ್ಜ ಕಾರ್ಮಿಕರ ಸಹಕಾರಿ ಸ್ಟೋರಿನಲ್ಲಿ ಮ್ಯಾನೇಜರ್ ಆಗಿದ್ದರು. ಅವರ ಹೆಸರು ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ. ಎಲ್ಲರಿಗೂ ‘ಸ್ಟೋರ್ ಮ್ಯಾನೇಜರ್ರು’. ಆಗ ಭದ್ರಾವತಿ ಅಂದರೆ ಎರಡು ಕಾರ್ಖಾನೆ, ಒಂದು ಕಬ್ಬಿಣದ್ದು, ಇನ್ನೊಂದು ಕಾಗದದ್ದು. ಕೆಲಸ ಹುಡುಕಿಕೊಂಡು ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಸಂಬಳದ ದಿನ ಸ್ಟೋರಿನ ಮುಂದೆ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಕೇಳಿಸುತ್ತಿದ್ದವು. ಅಜ್ಜ ನಾಲ್ಕರಲ್ಲೂ ವ್ಯಾಪಾರ ಮಾಡುತ್ತಿದ್ದರು, ನಾಲ್ಕರಲ್ಲೂ ಸ್ಕೋರ್ ಹೇಳುತ್ತಿದ್ದರು.

ಅವರು ತೂಗುವುದನ್ನು ನಾನು ಗಲ್ಲಾಪೆಟ್ಟಿಗೆ ಪಕ್ಕ ಸ್ಟೂಲ್ ಮೇಲೆ ಕೂತು ನೋಡಿದ್ದೇನೆ. ಬೇಳೆ ಕಟ್ಟಲು ಒಂದು ಹಾಳೆ ಹಳೇ ಪೇಪರ್ ತಗೊಂಡರೆ ಅಷ್ಟೇ ದೊಡ್ಡ ಇನ್ನೊಂದು ಹಾಳೆಯನ್ನು ಮಡಚಿ ತೂಕದ ಬಟ್ಟಿನ ಕೆಳಗೆ ಇಡುತ್ತಿದ್ದರು. ಯಾಕಜ್ಜ ಅಂತ ಕೇಳಿದ್ದಕ್ಕೆ ‘ಅವರು ಬೇಳೆಗೆ ದುಡ್ಡು ಕೊಡ್ತಾರೆ ಮರಿ, ಪೇಪರಿಗಲ್ಲ’ ಅಂದರು. ಸೀಮೆಎಣ್ಣೆ ಅಳೆಯುವಾಗ ನೊರೆ ಇಳಿಯುವ ತನಕ ಡಬ್ಬಿಗೆ ಸುರಿಯುತ್ತಿರಲಿಲ್ಲ. ಹಿಂದೆ ಕ್ಯೂ ಎಷ್ಟೇ ಉದ್ದ ಇರಲಿ, ಅವರು ಲೀಟರ್ ಅಳತೆ ಎತ್ತಿ ಹಿಡಿದು ನಿಂತೇ ಇರುತ್ತಿದ್ದರು. ಕ್ಯೂನಲ್ಲಿದ್ದವರು ಗೊಣಗುತ್ತಿದ್ದರು. ತಮ್ಮ ಸರದಿ ಬಂದಾಗ ಮಾತ್ರ ಅವರೂ ನೊರೆ ನೋಡುತ್ತಾ ಸುಮ್ನೆ ನಿಲ್ಲುತ್ತಿದ್ದರು.

ಆ ಗಲ್ಲಾಪೆಟ್ಟಿಗೆ ಮೇಲೇ ರೇಡಿಯೋ. ಬೆಲ್ಲದ ಕೈಯಲ್ಲಿ ತಿರುಗಿಸಿ ತಿರುಗಿಸಿ ಅದರ ಗುಂಡಿ ಅಂಟಂಟಾಗಿತ್ತು, ವಾರಕ್ಕೊಮ್ಮೆ ಬಿಚ್ಚಿ ಇರುವೆ ಕೊಡವಬೇಕಿತ್ತು. ಟೆಸ್ಟ್ ಮ್ಯಾಚ್ ದಿನ ಸಾಮಾನು ತಗೊಂಡವರು ಯಾರೂ ಬೇಗ ಮನೆಗೆ ಹೋಗುತ್ತಿರಲಿಲ್ಲ. ಮೊದಲ ಶಿಫ್ಟ್ ಮುಗಿಸಿ ಬಂದವರು ಸೈಕಲ್ ಮೇಲೆ ಕಾಲೂರಿಕೊಂಡೇ ಕೇಳುತ್ತಿದ್ದರು. ನಮ್ಮೂರಿನವರಿಗೆ ಕ್ರಿಕೆಟ್ ಹುಚ್ಚು ಸ್ವಲ್ಪ ಜಾಸ್ತಿ ಇದ್ದಿದ್ದಕ್ಕೆ ಕಾರಣವೂ ಇದೆ. ಜಿ.ಆರ್. ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ಭದ್ರಾವತಿಯಲ್ಲಿ. ಅಜ್ಜನ ಬಾಯಲ್ಲಿ ಅವರು ಕೊನೆತನಕ ‘ನಮ್ಮ ವಿಶಿ’.

1974ರ ರಣಜಿ ಸೆಮಿಫೈನಲ್ ನೋಡಲು ಅಜ್ಜ ರಜೆ ಹಾಕಿ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿದ್ದರು. ಕರ್ನಾಟಕದ ಎದುರಿಗಿದ್ದ ಬಾಂಬೆ ಅದಕ್ಕೆ ಮುಂಚೆ ಸತತ 15 ವರ್ಷ ಟ್ರೋಫಿ ಗೆದ್ದಿದ್ದ ತಂಡ. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿ ಇನ್ನೂ ಆರು ತಿಂಗಳೂ ಆಗಿರಲಿಲ್ಲ. ವಿಶಿ, ಬ್ರಿಜೇಶ್ ಪಟೇಲ್ ಇಬ್ಬರದ್ದೂ ಸೆಂಚುರಿ. ಆಮೇಲೆ ಪ್ರಸನ್ನ ಹಾಕಿದ ಬಾಲಿಗೆ ಗಾವಸ್ಕರ್ ಬೌಲ್ಡ್. ಈ ಬಾಲನ್ನು ಅಜ್ಜ ನಮಗೆ ಹುಣಸೆಹಣ್ಣಿನ ಉಂಡೆ ಹಿಡಿದು ತೋರಿಸುತ್ತಿದ್ದರು. ಉಂಡೆಯನ್ನು ಬೆರಳ ಸಂದಿಯಲ್ಲಿ ಕೂರಿಸಿಕೊಂಡು, ಮಣಿಕಟ್ಟು ನಿಧಾನಕ್ಕೆ ತಿರುಗಿಸಿ, ಗಾಳಿಯಲ್ಲೇ ಒಂದು ಕ್ಷಣ ನಿಲ್ಲಿಸಿ, ಸಕ್ಕರೆ ಡಬ್ಬಕ್ಕೆ ತಾಗಿಸುವರು. ಆ ಡಬ್ಬ ಆಫ್ ಸ್ಟಂಪ್! ಮೊದಲ ಇನಿಂಗ್ಸ್ ಲೀಡ್ ಮೇಲೆ ಕರ್ನಾಟಕ ಫೈನಲ್‌ಗೆ ಹೋಯಿತು, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ರಣಜಿ ಗೆದ್ದಿತು. ಇಷ್ಟೆಲ್ಲ ಹೇಳಿ ಮುಗಿಸುವಾಗ ಅಜ್ಜ ಒಂದು ಮಾತು ತಪ್ಪದೆ ಸೇರಿಸುತ್ತಿದ್ದರು. ‘ವಾಡೇಕರ್ ಚೆನ್ನಾಗಿ ಆಡ್ತಿದ್ದ, ಪಾಪ. ಓಡುವಾಗ ಜಾರಿಬಿಟ್ಟ, ರನೌಟ್ ಆದ.’ 15 ವರ್ಷ ನಮ್ಮನ್ನೆಲ್ಲ ಸೋಲಿಸಿದ ತಂಡದವನ ಮೇಲೆ ಆ ‘ಪಾಪ’ ಎಲ್ಲಿಂದ ಬರುತ್ತಿತ್ತು ಅಂತ ನಾನು ಈಗಲೂ ಯೋಚಿಸುತ್ತೇನೆ.

ಅಜ್ಜನಿಗೂ ಊರಿನವರಿಗೂ ಜಗಳ ಆಗಿದ್ದು 1980ರಲ್ಲಿ. ಅಪ್ಪ ಹೇಳಿ ಕೇಳಿದ್ದು ನಾನು. ಬಾಂಬೆಯಲ್ಲಿ ಇಂಗ್ಲೆಂಡ್ ವಿರುದ್ಧ ಜುಬಿಲಿ ಟೆಸ್ಟ್, ವಿಶಿ ಕ್ಯಾಪ್ಟನ್. ಇಂಗ್ಲೆಂಡ್ 58ಕ್ಕೆ 5 ಆಗಿ ಒದ್ದಾಡುತ್ತಿತ್ತು. ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಬ್ಯಾಟಿಗೆ ತಾಗಿಲ್ಲ ಅಂತ ವಿಶಿ ಅವನನ್ನು ವಾಪಸ್ ಕರೆಸಿದರು. ಟೇಲರ್, ಬಾಥಮ್ ಸೇರಿ 171 ರನ್ ಜೊತೆಯಾಟ ಆಡಿದರು, ಇಂಗ್ಲೆಂಡ್ ಹತ್ತು ವಿಕೆಟ್‌ನಿಂದ ಗೆದ್ದಿತು. ಸ್ಟೋರಿನ ಮುಂದೆ ಜನ ಬೈದಿದ್ದೇ ಬೈದಿದ್ದು. ದೊಡ್ಡಸ್ತಿಕೆ ತೋರಿಸೋಕೆ ಹೋಗಿ ಮ್ಯಾಚ್ ಕೊಟ್ಟ ಅಂದರು. ಯಾವತ್ತೂ ಗಟ್ಟಿ ಮಾತಾಡದ ಅಜ್ಜ ಅವತ್ತು ಎದ್ದು ನಿಂತು, ‘ಔಟ್ ಅಲ್ಲದವನನ್ನ ಔಟ್ ಅಂತ ಬರ್ಕೊಂಡ್ರೆ ಅದು ತಪ್ಪು ಲೆಕ್ಕ. ತಪ್ಪು ಲೆಕ್ಕದಲ್ಲಿ ಬಂದ ಲಾಭ ನಂಗೆ ಬೇಡ’ ಅಂದರಂತೆ. ಆ ದಿನ ರೇಡಿಯೋ ಆಫ್ ಮಾಡಿ ಬೇಗ ಬಾಗಿಲು ಹಾಕಿದರಂತೆ.

1999ರಲ್ಲಿ ದೆಹಲಿಯಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದ ದಿನ ನಾನು ಅಜ್ಜನ ಪಕ್ಕದಲ್ಲೇ ಇದ್ದೆ. ಅಷ್ಟೊತ್ತಿಗೆ ಅವರು ರಿಟೈರ್ ಆಗಿದ್ದರು. ಒಂಬತ್ತು ವಿಕೆಟ್ ಬಿದ್ದ ಮೇಲೆ ಇನ್ನೊಂದು ಕಡೆಯಿಂದ ಶ್ರೀನಾಥ್ ಬೇಕಂತಲೇ ಆಫ್ ಸ್ಟಂಪಿನಿಂದ ಆಚೆ ಬಾಲ್ ಹಾಕಿದರು, ಹತ್ತನೆಯದೂ ಕುಂಬ್ಳೆಗೇ ಸಿಗಲಿ ಅಂತ. ನಾವೆಲ್ಲ ಕುಣಿದಾಡುತ್ತಿದ್ದೆವು. ಅಜ್ಜನಿಗೆ ಮಾತ್ರ ಒಂದು ಅನುಮಾನ ಹೊಕ್ಕಿತು. ಬೇಕಂತ ವೈಡ್ ಹಾಕೋದು ಸರಿಯಾ? ಎರಡು ದಿನ ಅದನ್ನೇ ತಲೆಯಲ್ಲಿ ತಿರುಗಿಸಿದರು. ಮೂರನೇ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ, ‘ಸರೀನೇ ಕಣೋ. ವೈಡ್ ರನ್ ಪಾಕಿಸ್ತಾನಕ್ಕೇ ಹೋಯ್ತಲ್ಲ. ನಷ್ಟ ನಮ್ಮ ಲೆಕ್ಕಕ್ಕೇ ಬರ್ಕೊಂಡ್ವಿ, ಅವರಿಗೇನು ಮೋಸ ಆಗ್ಲಿಲ್ಲ’ ಅಂದರು. ಅವರ ಮುಖ ಆಮೇಲೆ ಗೆಲುವಾಯಿತು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಈಗ ಒಂದು ಕ್ಯಾಚ್ ಬಿಟ್ಟ ಹುಡುಗನ ಮನೆಯವರನ್ನೂ ಬಿಡದೆ ಬೈಯುವುದನ್ನು ನೋಡಿ ನನಗೆ ತುಂಬಾ ನೋವಾಗುತ್ತದೆ. ಅದನ್ನು ಅಭಿಮಾನ ಅಂತ ಕರೆಯುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಅಜ್ಜನಷ್ಟು ಆಟ ಪ್ರೀತಿಸಿದವರನ್ನು ನಾನು ನೋಡಿಲ್ಲ. ಹೊನಲು ಬೆಳಕಿನ ವಾಲಿಬಾಲ್ ಪಂದ್ಯ ಎಲ್ಲಿದ್ದರೂ ಶಾಲು ಹೊದ್ದು ರಾತ್ರಿ ಪೂರ್ತಿ ಕೂರುತ್ತಿದ್ದರು. ಸೋತಾಗ ಊಟ ಸೇರುತ್ತಿರಲಿಲ್ಲ, ಅಷ್ಟು ಬೇಜಾರು. ಆದರೂ ಅವರ ಪ್ರೀತಿಗೆ ಎದುರಾಳಿಯನ್ನು ಕೀಳು ಮಾಡಬೇಕಾದ ಅಗತ್ಯ ಬರಲಿಲ್ಲ. ಆಟಕ್ಕೆ ಎರಡು ತಂಡ ಬೇಕು, ತಕ್ಕಡಿಗೆ ಎರಡು ತಟ್ಟೆ ಇದ್ದ ಹಾಗೆ. ಅವರು ಎರಡೂ ಕಡೆ ನೋಡುತ್ತಿದ್ದರು.

ನಾನು ಸ್ಕೂಲ್ ಕಬಡ್ಡಿ ಟೀಮಿನಲ್ಲಿದ್ದಾಗ ಮಂಡಿ ಕೆತ್ತಿಸಿಕೊಂಡು ಮನೆಗೆ ಬಂದರೆ ಅಮ್ಮ ಗಾಯ ನೋಡುತ್ತಿದ್ದಳು, ಅಪ್ಪ ಗೆದ್ರಾ ಅಂತ ಕೇಳುತ್ತಿದ್ದರು. ಅಜ್ಜ ಕೇಳುತ್ತಿದ್ದುದು ಒಂದೇ. ‘ಎದುರಿನವರು ಹೇಗೆ ಆಡಿದ್ರು?’ ಆಗ ನನಗೆ ಸಿಟ್ಟು ಬರುತ್ತಿತ್ತು. ನಾನು ಹೇಗೆ ಆಡಿದೆ ಅಂತ ಮೊದಲು ಕೇಳಬಾರದಾ ಅನ್ನಿಸುತ್ತಿತ್ತು. ಆದರೆ ಉತ್ತರ ಕೊಡಬೇಕಲ್ಲ, ಅದಕ್ಕಾಗಿ ಮುಂದಿನ ಮ್ಯಾಚಿನಲ್ಲಿ ಎದುರಿನವರನ್ನು ನೋಡಲು ಶುರು ಮಾಡಿದೆ. ಯಾರು ಯಾವ ಕಾಲು ಮುಂದಿಡುತ್ತಾನೆ, ಯಾರಿಗೆ ಉಸಿರು ಬೇಗ ಸಾಲುವುದಿಲ್ಲ. ಅವರಲ್ಲಿ ಮೂವರು ಇವತ್ತಿಗೂ ನನ್ನ ಗೆಳೆಯರು. ತಿಥಿಗೂ ಬಂದಿದ್ದರು.

ಹೋದ ಶನಿವಾರ ನನ್ನ ಮಗಳು ಖೋಖೋ ಮ್ಯಾಚ್ ಸೋತು ಬಂದಳು. ಬ್ಯಾಗ್ ಎಸೆದು, ಶೂ ಕೂಡ ಬಿಚ್ಚದೆ ಸೋಫಾ ಮೇಲೆ ಮುಖ ಮುಚ್ಚಿಕೊಂಡು ಕೂತಳು. ಪಕ್ಕ ಹೋಗಿ ಕೂತೆ. ಸಮಾಧಾನ ಮಾಡಬೇಕು ಅಂತಲೇ ಬಾಯಿ ತೆರೆದೆ, ಬಂದಿದ್ದು ಅಜ್ಜನ ಮಾತು. ಅವಳು ಕಣ್ಣೊರೆಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಎದ್ದು ಕೂತು, ‘ಅಪ್ಪಾ, ಅವರಲ್ಲಿ ಒಬ್ಬಳು ಇದ್ದಾಳೆ, ಇಷ್ಟೇ ಇಷ್ಟು ಎತ್ತರ. ಕಂಬದ ಹತ್ರ ಎಂಥಾ ಡೈವ್ ಹೊಡೀತಾಳೆ ಗೊತ್ತಾ?’ ಅಂದಳು. ಹಾಗೇ ಎದ್ದು, ಬಾಗಿಲ ಚೌಕಟ್ಟನ್ನೇ ಕಂಬ ಮಾಡಿಕೊಂಡು ತೋರಿಸಲು ನಿಂತಳು.