ಲಾಕ್ ಆಯ್ತು, ಓವರ್

ನಮ್ಮ ಮನೆಯಲ್ಲಿರುವುದು 1998ರ ಮಾರುತಿ ಜಿಪ್ಸಿ. ಕೊಂಡು ತಂದ ದಿನ ನನ್ನವಳು ಅದನ್ನು ಒಂದು ಸುತ್ತು ಬಂದು ನೋಡಿ, "ರೀ, ಪೊಲೀಸಿನವರು ಹರಾಜು ಹಾಕಿದ್ದಾ?" ಅಂತ ಕೇಳಿದ್ದಳು. ಏಸಿ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ, ತಲೆ ಮೇಲೆ ಕ್ಯಾನ್ವಾಸ್ ಹೊದಿಕೆ. ಹಿಂದೆ ಮುಂದೆ ಎರಡೂ ಕಡೆ ಲಾರಿಗಿರುವಂಥ ಪಟ್ಟಿ ಸ್ಪ್ರಿಂಗು. ಹಂಪ್ ಹಾರಿಸಿದರೆ ಮೊದಲು ಗಾಡಿ ಇಳಿಯುತ್ತದೆ, ಆಮೇಲೆ ನಾವು ಇಳಿಯುತ್ತೇವೆ.

"ಫೋರ್ ವ್ಹೀಲ್ ಡ್ರೈವ್ ಕಣೇ. ಎಂಥ ಕೆಸರಿದ್ರೂ ಹೋಗುತ್ತೆ."

"ರಾಜಾಜಿನಗರದಲ್ಲಿ ಕೆಸರೆಲ್ಲಿದೆ?"

ಅದೂ ನಿಜ. ಹಾಗಾಗಿ ಕೆಸರು ಹುಡುಕಿಕೊಂಡು ಸಕಲೇಶಪುರಕ್ಕೆ ಹೊರಟೆವು.

ಒಟ್ಟು ಆರು ಗಾಡಿ. ಮೂರು ಜಿಪ್ಸಿ, ಮೂರು ಜಿಮ್ನಿ. ಎರಡೂ ಒಂದೇ ವಂಶದವು. ಈ ವಂಶದ ಮೂಲಪುರುಷ ಜಪಾನಿನಲ್ಲಿ 1970ರಲ್ಲಿ ಹುಟ್ಟಿದಾಗ ಅದರ ಇಂಜಿನ್ ಬರೀ 359 ಸಿಸಿ. ನಮ್ಮ ಹಳೇ ಬುಲೆಟ್ಟಿನದು 346! ಬುಲೆಟ್ಟಿನ ಇಂಜಿನ್ನಿಗೆ ನಾಲ್ಕು ಚಕ್ರ ಕೊಟ್ಟು ಬೆಟ್ಟ ಹತ್ತು ಅಂದ ಹಾಗೆ. ಮುಂದೆ ಇಂಜಿನ್ ದೊಡ್ಡದಾಗಿ, 1985ರಲ್ಲಿ ಜಿಪ್ಸಿಯಾಗಿ ನಮ್ಮ ದೇಶಕ್ಕೆ ಬಂತು. 2023ರಲ್ಲಿ ಐದು ಬಾಗಿಲಿನ ಜಿಮ್ನಿ ಬಂತು. ಅಂದರೆ ನಮ್ಮ ಗಾಡಿಗಳು ಅಜ್ಜಂದಿರು, ಅವರವು ಏಸಿ ಇರುವ ಮೊಮ್ಮಕ್ಕಳು. ದಾರಿಯುದ್ದಕ್ಕೂ ಜಿಮ್ನಿಯವರು ಕಿಟಕಿ ಏರಿಸಿಕೊಂಡು ಹಾಡು ಕೇಳುತ್ತಿದ್ದರು. ನಾವು ಕ್ಯಾನ್ವಾಸಿನ ಪಟಪಟ ಕೇಳುತ್ತಿದ್ದೆವು. ಕುಣಿಗಲ್ ದಾಟುವಷ್ಟರಲ್ಲಿ ಮಳೆ ಶುರುವಾಗಿ, ಹೊದಿಕೆಯ ಒಂದು ಹೊಲಿಗೆಯಿಂದ ನೀರು ಸರಿಯಾಗಿ ನನ್ನವಳ ಎಡಗಿವಿಗೇ ಬೀಳತೊಡಗಿತು. ಅವಳು ಏನೂ ಮಾತಾಡಲಿಲ್ಲ. ಮಾತಾಡಿದ್ದರೆ ಒಳ್ಳೇದಿತ್ತು.

ಕಾಡಿಗೆ ಹೀಗೆಲ್ಲ ಗಾಡಿ ನುಗ್ಗಿಸುವಂತಿಲ್ಲ. ನಮ್ಮ ಲೀಡರ್ ಪರಿಚಯದವರ ಕಾಫಿ ತೋಟವೊಂದರಲ್ಲಿ ಅನುಮತಿ ಕೇಳಿದ್ದರು. ಪುನರ್ವಸು ಮಳೆ ಹೊಡೆದು ಹೊಡೆದು ತೋಟದ ದಾರಿ ರಾಗಿ ಅಂಬಲಿಯ ಹದಕ್ಕೆ ಬಂದಿತ್ತು. ಮೊದಲ ಕೆಲಸ, ಟೈರಿನ ಗಾಳಿ ಇಳಿಸುವುದು. ಗಾಳಿ ಕಮ್ಮಿ ಇದ್ದರೆ ಟೈರು ಅಗಲವಾಗಿ ಕೂತು ಹಿಡಿತ ಜಾಸ್ತಿ ಸಿಗುತ್ತದೆ. ಹದಿನೆಂಟಕ್ಕೆ ಇಳಿಸಿ ಅಂದರು. ಉಳಿದವರೆಲ್ಲ ಕೀ ತುದಿಯಲ್ಲಿ ವಾಲ್ವ್ ಒತ್ತಿ ಸುಯ್ ಅನ್ನಿಸುತ್ತಿದ್ದರು. ನಾನು ಬೇಗ ಆಗಲಿ ಅಂತ ವಾಲ್ವಿನ ಪಿನ್ನನ್ನೇ ಬಿಚ್ಚಿದೆ. ಅದು ಟಪ್ ಅಂತ ಹಾರಿ ಕಾಫಿ ಗಿಡಗಳ ಸಂದಿಗೆ ಹೋಯಿತು. ಇಪ್ಪತ್ತು ನಿಮಿಷ ನಾಲ್ಕು ಜನ ಮೊಣಕಾಲೂರಿ ಹುಡುಕಿದೆವು. ಪಿನ್ನು ಸಿಗಲಿಲ್ಲ, ನಾಲ್ವರಿಗೂ ಇಂಬಳ ಸಿಕ್ಕವು. ಸ್ಟೆಪ್ನಿ ಹಾಕಿ ಹೊರಟೆವು.

ಏರು ಶುರುವಾಗುವ ಮುಂಚೆ ಲೀಡರ್ ವಾಕಿಟಾಕಿಯಲ್ಲಿ ಒಬ್ಬೊಬ್ಬರನ್ನೇ ವಿಚಾರಿಸಿದರು. ನನ್ನ ಸರದಿ ಬಂದಾಗ ಕರಕರ ಸದ್ದಿನ ನಡುವೆ "...ಲಾಕ್ ಆಯ್ತಾ?" ಅನ್ನುವುದಷ್ಟೇ ಕೇಳಿಸಿತು. ಬಾಗಿಲು ತಾನೇ? ಹಿಂದೆ ತಿರುಗಿ ನೋಡಿದೆ, ಚಿಲಕ ಸರಿಯಾಗಿ ಬಿದ್ದಿತ್ತು.

"ಲಾಕ್ ಆಯ್ತು, ಓವರ್," ಅಂದೆ. ಈ ಓವರ್ ಅನ್ನುವ ಆಸೆಗೇ ಅರ್ಧ ಜನ ಈ ಟ್ರಿಪ್ಪಿಗೆ ಬರುವುದು.

ಮುಂದಿನ ನಾಲ್ಕು ಗಾಡಿ ಹತ್ತಿ ತಿರುವಿನಲ್ಲಿ ಮರೆಯಾದವು. ನಾನು ಚಿಕ್ಕ ಲಿವರ್ ಎಳೆದು ಫೋರ್ ಎಲ್‌ಗೆ, ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನವಾಗಿ ಜಾಸ್ತಿ ಬಲ ಕೊಡುವ ಗೇರಿಗೆ ಹಾಕಿ, ಸೀಟಿನಲ್ಲಿ ನೆಟ್ಟಗೆ ಕೂತು ಆಕ್ಸಿಲರೇಟರ್ ಒತ್ತಿದೆ. ಅರ್ಧ ಏರಿನಲ್ಲಿ ಗಾಡಿ ಒಂದು ಸಲ ಉಸಿರೆಳೆದ ಹಾಗೆ ಮಾಡಿ ನಿಂತಿತು. ಇನ್ನೂ ಒತ್ತಿದೆ. ಹಿಂದಿನ ಚಕ್ರ ಮಿಕ್ಸಿ ಥರ ತಿರುಗಿ ಹೂತುಕೊಂಡಿತು.

ನನ್ನ ಹಿಂದೆ ಇದ್ದದ್ದು ಜಿಮ್ನಿಯ ಗೆಳೆಯ. ಶೋರೂಮಿನಿಂದ ಈಗ ತಾನೇ ಇಳಿಸಿದ ಗಾಡಿ, ಈಗ ತಾನೇ ಇಳಿಸಿದಂಥ ಬಿಳಿ ಟೀ ಶರ್ಟು. ಪಾಪ, ತಳ್ಳಲು ಬಂದ. "ಒತ್ತು ಗುರೂ" ಅಂದ. ಒತ್ತಿದೆ. ಆಮೇಲೆ ಅವನು ಯಾರೆಂದು ಗುರುತು ಸಿಗಲಿಲ್ಲ. ಕಣ್ಣೆರಡು ಮಾತ್ರ ಬಿಳಿ ಉಳಿದಿದ್ದವು. ಎಳೆಯುವ ಪಟ್ಟಿ ಲೀಡರ್ ಗಾಡಿಯಲ್ಲಿತ್ತು. ವಾಕಿಟಾಕಿಯಲ್ಲಿ ಕರೆದರೆ ಗುಡ್ಡದಾಚೆಯಿಂದ ಬರೀ ಕರಕರ. ಚಕ್ರದ ಕೆಳಗೆ ಕಲ್ಲು ಹಾಕಿದೆವು, ಸೊಪ್ಪು ಹಾಕಿದೆವು. ಕಾಲೊರೆಸುವ ಮ್ಯಾಟ್ ಹಾಕಿದರೆ ಅದನ್ನು ಗಾಡಿ ನುಂಗಿ ಹಿಂದಕ್ಕೆ ಉಗುಳಿತು. "ನಿಂದು ಹಳೇ ಇಂಜಿನ್ನು, ಪವರ್ ಸಾಲ್ತಿಲ್ಲ" ಅಂದ ಗೆಳೆಯ. ಅಜ್ಜನ ಮರ್ಯಾದೆ ಪ್ರಶ್ನೆ. "ರಸ್ತೆಯೇ ಸರಿಯಿಲ್ಲ" ಅಂದೆ. ಸರಿಯಿಲ್ಲದ ರಸ್ತೆ ಬೇಕು ಅಂತಲೇ 220 ಕಿಲೋಮೀಟರ್ ಬಂದದ್ದು ಅಂತ ನನ್ನವಳು ಕೊಡೆ ಹಿಡಿದುಕೊಂಡು ನೆನಪಿಸಿದಳು.

ಅಷ್ಟರಲ್ಲಿ ತೋಟದ ರೈಟರ್ ಬಂದರು. ಇಲ್ಲಿ ರೈಟರ್ ಅಂದರೆ ನನ್ನ ಹಾಗೆ ಸುಮ್ನೆ ಬರೆಯುವವರಲ್ಲ, ಆಳುಗಳ ಲೆಕ್ಕ ಬರೆದು ಕೆಲಸ ಮಾಡಿಸುವವರು. ಅರವತ್ತು ದಾಟಿರಬಹುದು. ಮಂಡಿವರೆಗೆ ಬೂಟು, ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ. ಸ್ವಲ್ಪ ಹೊತ್ತು ನೋಡಿದರು.

"ಇನ್ನೊಂದ್ಸಲ ಒತ್ತಿ ಸಾರ್."

ಒತ್ತಿದೆ. ಗೆಳೆಯ ಈ ಸಲ ದೂರ ನಿಂತಿದ್ದ.

"ಅಲ್ಲ ಮಾರಾಯ್ರೆ, ಮುಂದಿನ ಚಕ್ರ ಸುಮ್ನೆ ಕೂತಿದೆಯಲ್ಲ!"

ಬಗ್ಗಿದರು. ಮುಂದಿನ ಚಕ್ರದ ನಟ್ಟನಡುವೆ ಅಂಟಿದ್ದ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದರು. ಅಲ್ಲೊಂದು ದುಂಡನೆಯ ತಿರುಗಣೆ. ಅದರ ಸುತ್ತ ಇಂಗ್ಲಿಷಿನಲ್ಲಿ ಎರಡೇ ಪದ: ಫ್ರೀ, ಲಾಕ್. ನಮ್ಮದು ಫ್ರೀ ಅಂತ ತೋರಿಸುತ್ತಿತ್ತು.

"ಹಬ್ ಲಾಕೇ ಮಾಡಿಲ್ವಲ್ಲ ನೀವು."

ಜಿಮ್ನಿಯಲ್ಲಾದರೆ ಲಿವರ್ ಎಳೆದರೆ ಸಾಕು, ಮುಂದಿನದು ತಾನಾಗಿಯೇ ಆಗುತ್ತದೆ. ನಮ್ಮ ಕಾಲದ ಗಾಡಿಯಲ್ಲಿ ಇಳಿದು ಹೋಗಿ, ಮುಂದಿನ ಎರಡೂ ಚಕ್ರದ ತಿರುಗಣೆಯನ್ನು ಕೈಯಿಂದ ತಿರುಗಿಸಬೇಕು. ಇಲ್ಲದಿದ್ದರೆ ಇಂಜಿನ್ನಿನ ಶಕ್ತಿ ಮುಂದಿನ ಆಕ್ಸಲ್ ತನಕ ಬಂದು, ಚಕ್ರದ ಬಾಗಿಲಲ್ಲಿ ನಿಂತು ವಾಪಸ್ ಹೋಗುತ್ತದೆ. ಮೂರು ವರ್ಷದಿಂದ ನಾನು ಆ ತಿರುಗಣೆಯನ್ನು ನೋಡುತ್ತಿದ್ದೆ. ಅಲಂಕಾರಕ್ಕೆ ಅಂದುಕೊಂಡಿದ್ದೆ. ಭಾನುವಾರ ಬಟ್ಟೆ ತಗೊಂಡು ಹೊಳಪೂ ಬರಿಸುತ್ತಿದ್ದೆ.

"ಯಜಮಾನರ ಹತ್ರ ಮುಂಚೆ ಇಂಥದ್ದೇ ಇತ್ತು. ನಾನೇ ಓಡಿಸ್ತಿದ್ದೆ," ಅಂದರು ರೈಟರ್. ಕಟಕ್, ಕಟಕ್. ಎರಡೂ ಕಡೆ ತಿರುಗಿಸಿದರು. "ಈಗ ಫಸ್ಟ್ ಗೇರಲ್ಲಿ ನಿಧಾನಕ್ಕೆ ಬಿಡಿ. ಒತ್ತಬೇಡಿ."

ಬಿಟ್ಟೆ. ಜಿಪ್ಸಿ ಎಮ್ಮೆ ಕೆರೆಯಿಂದ ಏಳುವ ಹಾಗೆ ಆರಾಮಾಗಿ ಎದ್ದು ಏರು ಹತ್ತಿತು.

ಮೇಲೆ ಎಲ್ಲರೂ ಕಾಯುತ್ತಿದ್ದರು. "ಹೇಗೆ ಹತ್ತಿಸಿದ್ರಿ? ಆ ಜಾಗ ಬಹಳ ಕಷ್ಟ," ಅಂದರು ಲೀಡರ್. ರಾತ್ರಿ ಕಡುಬು, ಕೋಳಿ ಸಾರಿನ ಮುಂದೆ ಕೂತು ಕ್ಲಚ್ ಕಂಟ್ರೋಲ್ ಬಗ್ಗೆ ನಾನು ಹತ್ತು ನಿಮಿಷ ವಿವರಿಸಿದೆ. ಗೆಳೆಯ ಕಿವಿಯಿಂದ ಕೆಸರು ತೆಗೆಯುತ್ತಿದ್ದ, ಪೂರ್ತಿ ಕೇಳಿಸಿರಲಿಕ್ಕಿಲ್ಲ. ನನ್ನವಳು ಇನ್ನೊಂದು ಕಡುಬು ಬಡಿಸಿಕೊಂಡಳು, ಅಷ್ಟೇ.

ಮಾರನೇ ದಿನ ವಾಪಸ್ ಬರುವಾಗ ಗಾಡಿ ಯಾಕೋ ಭಾರ ಅನ್ನಿಸಿತು. ಮುಂದುಗಡೆಯಿಂದ ಗುಂಯ್ ಅಂತ ಸದ್ದು. ಪೆಟ್ರೋಲ್ ಮುಳ್ಳೂ ಬೇಗಬೇಗ ಇಳಿಯುತ್ತಿತ್ತು. "ಇಂಜಿನ್ನಿಗೆ ಸುಸ್ತಾಗಿದೆ. ನಿನ್ನೆ ಬಹಳ ಕೆಲಸ ಮಾಡಿದೆಯಲ್ಲ," ಅಂದೆ. ಹಾಸನ ದಾಟಿತು. ಚನ್ನರಾಯಪಟ್ಟಣವೂ ದಾಟಿತು. ಗುಂಯ್ ನಿಲ್ಲಲಿಲ್ಲ.

ನನ್ನವಳು ಎಡಗಿವಿಗೆ ತುರುಕಿಕೊಂಡಿದ್ದ ಹತ್ತಿಯನ್ನು ನಿಧಾನವಾಗಿ ತೆಗೆದಳು.

"ರೀ, ನಿನ್ನೆ ಲಾಕ್ ಮಾಡಿದ್ರಲ್ಲ. ಫ್ರೀ ಮಾಡಿದ್ರಾ, ಓವರ್?"

ಹೆದ್ದಾರಿ ಪಕ್ಕ ನಿಲ್ಲಿಸಿ, ಸುರಿವ ಮಳೆಯಲ್ಲಿ ಇಳಿದೆ. ಕಟಕ್. ಕಟಕ್.