ಹಾಸನ ಪಾಕ್

ಮೊನ್ನೆ ಬಿಕಾಂ ಹುಡುಗನೊಬ್ಬನ ಪ್ರಾಜೆಕ್ಟ್ ರಿಪೋರ್ಟ್ ನೋಡುತ್ತಿದ್ದೆ. ಹಾಸನದ ಒಂದು ಸ್ವೀಟ್ ಅಂಗಡಿಯ ಗ್ರಾಹಕರ ಸಮೀಕ್ಷೆ. ಸ್ಪೈರಲ್ ಬೈಂಡಿಂಗ್, ಮೇಲೊಂದು ಪ್ಲಾಸ್ಟಿಕ್ ಹಾಳೆ, ಎಲ್ಲ ಚೆನ್ನಾಗೇ ಇತ್ತು. 23ನೇ ಪುಟದಲ್ಲಿ 'ಹೆಚ್ಚು ಮಾರಾಟವಾಗುವುದು ಹಾಸನ ಪಾಕ್' ಅಂತ ಇತ್ತು. ಎರಡು ಸಲ ಓದಿದೆ. ಆಮೇಲೆ ಹೊಳೆಯಿತು. ಮೈಸೂರಿನ ಯಾರದ್ದೋ ರಿಪೋರ್ಟ್ ತಂದು, ಮೈಸೂರು ಅಂತ ಇದ್ದಲ್ಲೆಲ್ಲ ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಹಾಸನ ಮಾಡಿದ್ದಾನೆ ಪುಣ್ಯಾತ್ಮ.

ಕರೆದು ಕೇಳಿದೆ. ನಾಚಿಕೆ ಗೀಚಿಕೆ ಏನೂ ಇಲ್ಲ. 'ಸಾರ್, ಎಷ್ಟು ಪರ್ಸೆಂಟ್ ತನಕ ನಡೆಯುತ್ತೆ?' ಅಂತ ನನ್ನನ್ನೇ ಕೇಳಿದ.

ಈ ಪರ್ಸೆಂಟ್ ಲೆಕ್ಕ ಬಂದಿದ್ದು, ಬೇರೆಯವರ ಬರಹ ಕದಿಯುವುದನ್ನು ತಡೆಯೋಕೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಮಾಡಿದ 2018ರ ನಿಯಮದಿಂದ. ಥೀಸಿಸ್‌ನಲ್ಲಿ 10 ಪರ್ಸೆಂಟ್ ತನಕ ಬೇರೆಯವರ ಬರಹದ ಹೋಲಿಕೆ ಇದ್ದರೆ ಶಿಕ್ಷೆ ಇಲ್ಲ, 40ರ ತನಕ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 60ರ ತನಕ ಹೋದರೆ ತಿದ್ದಿದ್ದನ್ನೂ ಒಂದು ವರ್ಷದ ತನಕ ಕೊಡುವ ಹಾಗೇ ಇಲ್ಲ, ಅದಕ್ಕಿಂತ ಜಾಸ್ತಿ ಆದರೆ ನೋಂದಣಿಯೇ ರದ್ದು. ಯಾರದ್ದು ಅಂತ ಹೇಳಿ ಹಾಕಿಕೊಂಡ ಮಾತು ಈ ಲೆಕ್ಕಕ್ಕೆ ಬರುವುದಿಲ್ಲ. ಹೆಸರು ಹೇಳಿದರೆ ಮುಗಿಯಿತು, ಅದಕ್ಕೂ ಸೋಮಾರಿತನ! ಮಜಾ ಏನು ಗೊತ್ತಾ, ಅಸೈನ್‌ಮೆಂಟು, ಪ್ರಾಜೆಕ್ಟ್ ರಿಪೋರ್ಟು, ಉತ್ತರ ಪತ್ರಿಕೆ ಇದಕ್ಕೆ ಸೇರುವುದಿಲ್ಲ ಅಂತ ಆ ನಿಯಮದಲ್ಲೇ ಬರೆದಿದೆ. ಅಂದರೆ ಹಾಸನ ಪಾಕ್ ಹಿಡಿಯುವುದಕ್ಕೆ ಇರುವವರು ನಾವೇ, ಮೇಷ್ಟ್ರುಗಳು.

ನಾವು ಹಿಡಿಯುತ್ತೀವಾ? ಒಂದು ಸಂಜೆಗೆ 40 ರಿಪೋರ್ಟ್ ಮುಂದೆ ಬಂದು ಬಿದ್ದರೆ, ಸಹಿ ಹಾಕುವ ಪುಟ ಯಾವುದು ಅಂತ ಮಾತ್ರ ಹುಡುಕುತ್ತೀವಿ. ಹುಡುಗರಿಗೆ ಅದು ಚೆನ್ನಾಗಿ ಗೊತ್ತು. ನನಗೂ ಗೊತ್ತಿತ್ತು. ಪಿಯುಸಿಯಲ್ಲಿ ಸೀನಿಯರ್‌ನ ಫಿಸಿಕ್ಸ್ ಲ್ಯಾಬ್ ರೆಕಾರ್ಡ್ ನೋಡಿ ಇಳಿಸಿದವನು ನಾನು. ಪೆಂಡ್ಯುಲಮ್ ಮುಟ್ಟದೇನೇ ಗುರುತ್ವದ ಬೆಲೆ ಸರಿಯಾಗಿ 9.8 ಬಂದಿತ್ತು. ನಮ್ಮ ಸಾರ್ 'ಗುಡ್' ಅಂತ ಬೇರೆ ಬರೆದಿದ್ದರು.

ಅದಕ್ಕೇ ಇವನನ್ನು ಬೈಯುವುದಕ್ಕೆ ಬಾಯಿ ಬರಲಿಲ್ಲ. ಸಹಿ ಮಾತ್ರ ಹಾಕಲಿಲ್ಲ. ಎರಡು ಸಂಜೆ ಅದೇ ಅಂಗಡಿ ಮುಂದೆ ನಿಂತು, ಬಂದವರನ್ನು ಮಾತಾಡಿಸಿ ಬರೆದುಕೊಂಡು ಬಾ ಅಂದೆ. ಗೊಣಗಿಕೊಂಡು ಹೋದ.

ನಿನ್ನೆ ತಂದುಕೊಟ್ಟ. ಎಂಟೇ ಪುಟ, ಬೈಂಡಿಂಗ್ ಇಲ್ಲ, ಸ್ಟೇಪ್ಲರ್ ಪಿನ್ನು. ಕಾಗುಣಿತ ಅಂತೂ ಕೇಳಲೇಬೇಡಿ. ಆದರೆ 31 ಜನರನ್ನು ಮಾತಾಡಿಸಿದ್ದಾನೆ. ಅವರಲ್ಲಿ 19 ಜನ ಸ್ವೀಟೇ ತಗೊಂಡಿಲ್ಲ. ಕಾಂಗ್ರೆಸ್ ಕಡ್ಲೆಬೀಜ ಕಟ್ಟಿಸಿಕೊಂಡು ಹೋಗಿದ್ದಾರೆ.